ನಮ್ಮತ್ತೆ ಹೊತ್ತು ತಂದ ಒಂದು ಬಾಟಲಿ ನೀರು

ನಗರದ ನೀರು ಸರಬರಾಜು ಕಚೇರಿಯ ಮುಖ್ಯಾಧಿಕಾರಿಗಳಿಗೆ ಟೀ ಅಂಗಡಿಯವಳೊಬ್ಬಳು ಎಲ್ಲರೂ ಓದಲೆಂದೇ ಬರೆದದ್ದು

ನಲ್ಲಿ ತಿರುಗಿಸಿದಾಗಲೆಲ್ಲ ನೆನಪಾಗುವ ಮಾನ್ಯರೇ,

ನಿಮ್ಮ ಕೊಳಚೆ ನೀರು ಮರುಬಳಕೆ ಘಟಕದ ಗೇಟಿಗೆ ಒಂದು ಸೂಚನೆ ಅಂಟಿಸಿದ್ದೀರಿ. ಪ್ರತಿ ಶನಿವಾರ ಸಾರ್ವಜನಿಕರನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದ ಭೇಟಿಯನ್ನು ‘ಸಾರ್ವಜನಿಕ ಹಿತದೃಷ್ಟಿಯಿಂದ’ ನಿಲ್ಲಿಸಲಾಗಿದೆ ಎಂದು ಅದರಲ್ಲಿದೆ. ಎರಡು ಕಾರಣಗಳನ್ನೂ ಕೊಟ್ಟಿದ್ದೀರಿ. ಭೇಟಿ ನಡೆಸಿಕೊಡುತ್ತಿದ್ದ ಸಿಬ್ಬಂದಿಯು ಒಬ್ಬ ಸಂದರ್ಶಕರಿಗೆ ‘ಸಂಸ್ಕರಿತ ನೀರಿನಿಂದ ತಯಾರಿಸಿದ ಪಾನೀಯವನ್ನು ಅನಧಿಕೃತವಾಗಿ’ ನೀಡಿದರಂತೆ. ಆಮೇಲೆ ಅದೇ ಸಂದರ್ಶಕರು ‘ಇಲಾಖೆಗೆ ಸೇರಿದ ಸಂಸ್ಕರಿತ ನೀರನ್ನು ಬಾಟಲಿಯಲ್ಲಿ ತುಂಬಿಸಿಕೊಂಡು ಆವರಣದಿಂದ ಹೊರಕ್ಕೆ ಸಾಗಿಸಿದರಂತೆ’. ಆ ಸಂದರ್ಶಕರು ಯಾರೆಂದು ಪತ್ತೆ ಹಚ್ಚಲು ನೀವು ಕಷ್ಟಪಡುವುದು ಬೇಡ. ಅವರು ನಮ್ಮತ್ತೆ. ಆ ಅನಧಿಕೃತ ಪಾನೀಯವನ್ನು ನಮ್ಮ ಬೀದಿಯಲ್ಲಿ ಟೀ ಎನ್ನುತ್ತಾರೆ. ಅದನ್ನು ಕೊಟ್ಟ ಹುಡುಗಿಯನ್ನು ನೀವು ಹಳೆಯ ಮೀಟರುಗಳ ಉಗ್ರಾಣಕ್ಕೆ ಎತ್ತಿ ಹಾಕಿದ್ದೀರಿ. ಅವಳನ್ನು ಅಲ್ಲಿಂದ ಬಿಡಿಸಿಕೊಂಡು ಬಂದು, ಗೇಟನ್ನು ಮತ್ತೆ ತೆರೆಸಬೇಕೆಂದೇ ಈ ಪತ್ರ ಬರೆಯಲು ಕುಳಿತಿದ್ದೇನೆ.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ಹಳೆಯ ಮುದ್ರಣಾಲಯದ ಹಿಂದಿನ ಬೀದಿಯಲ್ಲಿ, ದರ್ಜಿಯ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ ಇರುಕಿಕೊಂಡಿರುವ ಟೀ ಅಂಗಡಿ ನನ್ನದು. ನನ್ನದು ಎಂದು ಪತ್ರದಲ್ಲಿ ಬರೆಯಬಹುದು, ಅತ್ತೆಯ ಎದುರಿಗೆ ಹೇಳುವಂತಿಲ್ಲ. ಅಂಗಡಿ ಹೂಡಿದವರು ಅವರು. ಈಗ ಮಂಡಿನೋವು ಎಂದು ಒಲೆಯನ್ನು ನನ್ನ ಕೈಗೆ ಬಿಟ್ಟು, ಬಾಗಿಲ ಪಕ್ಕದ ಎತ್ತರದ ಸ್ಟೂಲನ್ನು ಮಾತ್ರ ತಮ್ಮಲ್ಲೇ ಉಳಿಸಿಕೊಂಡಿದ್ದಾರೆ. ಅಲ್ಲಿ ಕುಳಿತು ಬೀದಿಯ ಎಲ್ಲ ವಿಚಾರಕ್ಕೂ ತೀರ್ಪು ಕೊಡುತ್ತಾರೆ. ಯಾರ ಮನೆ ಗೋಡೆಯ ಬಣ್ಣ ಚೆನ್ನಾಗಿಲ್ಲ, ಯಾರ ಮಗಳು ಯಾವ ಓದು ಓದಬೇಕು, ದರ್ಜಿ ಯಾಕೆ ಹೇಳಿದ ದಿನಕ್ಕೆ ಬಟ್ಟೆ ಕೊಡುವುದಿಲ್ಲ, ಎಲ್ಲವೂ ಅವರ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೆ. ಹಾಗಾಗಿ ಬೀದಿಯವರು ಅವರಿಗೆ ಜಡ್ಜಮ್ಮ ಎಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟದ್ದು ಅತ್ತೆಗೂ ಗೊತ್ತು. ಬೇಜಾರೇನೂ ಇಲ್ಲ, ಒಳಗೊಳಗೇ ಖುಷಿ.

ನಮ್ಮ ಅಂಗಡಿಯಲ್ಲೊಂದು ಪದ್ಧತಿಯಿದೆ. ಬೆಳಿಗ್ಗೆ ಒಲೆ ಹೊತ್ತಿಸಿದ ಮೇಲೆ ಮೊದಲ ಲೋಟ ಬರೀ ಬಿಸಿನೀರು. ಟೀ ಪುಡಿ, ಹಾಲು, ಸಕ್ಕರೆ ಯಾವುದೂ ಇಲ್ಲ. ಅತ್ತೆ ಆ ಲೋಟವನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ನುಂಗುತ್ತಾರೆ. ಆಮೇಲೆ ‘ಹೂಂ, ಹಾಕು’ ಎಂದರೆ ಮಾತ್ರ ನಾನು ಟೀ ಪುಡಿಯ ಡಬ್ಬಿಗೆ ಕೈ ಹಾಕಬೇಕು. ‘ಬೇಡ’ ಎಂದರೆ ಪಾತ್ರೆಯ ನೀರೆಲ್ಲ ಮೋರಿಗೆ. ನೀರು ಕೆಟ್ಟರೆ ಎಂಥ ಪುಡಿ ಹಾಕಿದರೂ ಟೀ ಮೇಲೆ ಕೆನೆಯಂಥ ಕೊಳೆ ಕಟ್ಟುತ್ತದೆ ಎನ್ನುವುದು ಅವರ ವಾದ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಇದು ನನ್ನನ್ನು ಪರೀಕ್ಷೆ ಮಾಡುವ ನಾಟಕ ಎಂದುಕೊಂಡಿದ್ದೆ. ಆಮೇಲೆ ನೋಡಿದರೆ ಪಕ್ಕದ ಬೀದಿಯ ಟೀ ಅಂಗಡಿಗೆ ಹೋಗುತ್ತಿದ್ದವರೂ ನಮ್ಮಲ್ಲಿಗೇ ಬರುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ದಿನವೂ ಮೊದಲ ಲೋಟ ಕೊಡುತ್ತ ಬಂದೆ.

ಹೀಗೆ ನಾವು ಸುಖವಾಗಿದ್ದಾಗ ತಾವು ಒಂದು ಪ್ರಕಟಣೆ ಹೊರಡಿಸಿದಿರಿ. ಇನ್ನು ಮುಂದೆ ನಗರದ ಕೊಳಚೆ ನೀರನ್ನು ಶುದ್ಧೀಕರಿಸಿ, ದೊಡ್ಡ ಕೆರೆಗೆ ಬಿಟ್ಟು, ಅಲ್ಲಿಂದ ಮತ್ತೊಮ್ಮೆ ಶುದ್ಧೀಕರಿಸಿ ಮನೆಮನೆಗೆ ಕೊಡಲಾಗುವುದು ಎಂದು. ಪ್ರಕಟಣೆಯ ಭಾಷೆಯನ್ನು ಯಾರು ಬರೆದರೋ ಅವರಿಗೆ ನನ್ನ ದೊಡ್ಡ ನಮಸ್ಕಾರ. ‘ಕೊಳಚೆ’ ಎಂಬ ಶಬ್ದ ದಪ್ಪಕ್ಷರದಲ್ಲಿತ್ತು, ‘ಶುದ್ಧೀಕರಿಸಿ’ ಎಂಬುದು ಸಣ್ಣಕ್ಷರದಲ್ಲಿತ್ತು. ದರ್ಜಿ ಅದನ್ನು ನಮ್ಮ ಬೆಂಚಿನ ಮೇಲೆ ಕುಳಿತು ಗಟ್ಟಿಯಾಗಿ ಓದಿದ. ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

‘ಅಂದ್ರೆ ನಾವು ಚೆಲ್ಲಿದ್ದನ್ನೇ ನಮಗೆ ಕುಡಿಸ್ತಾರಾ?’

‘ಚೆಲ್ಲಿದ್ದು ಮಾತ್ರ ಅಲ್ಲಮ್ಮಾ,’ ಎಂದ ದರ್ಜಿ, ಅರ್ಥವಾಗುವ ಹಾಗೆ ನಕ್ಕು.

ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಅತ್ತೆ ನಲ್ಲಿ ನೀರು ಮುಟ್ಟಲಿಲ್ಲ. ಊರಿನ ಆಚೆ ತುದಿಯಲ್ಲಿ ನನ್ನ ನಾದಿನಿಯ ಮನೆಯಲ್ಲೊಂದು ಹಳೆಯ ಬಾವಿಯಿದೆ. ನನ್ನ ಗಂಡ ಸರಕು ಗಾಡಿ ಓಡಿಸುವವರು. ದಿನದ ಕೆಲಸ ಮುಗಿಸಿ ಅಲ್ಲಿಗೆ ಹೋಗಿ ಕ್ಯಾನಿನಲ್ಲಿ ನೀರು ಹೊತ್ತು ತರಬೇಕಾಯಿತು. ಅಮ್ಮನಿಗೆ ಎದುರಾಡುವ ಧೈರ್ಯ ಅವರಿಗೆ ಹುಟ್ಟಿದಾಗಿನಿಂದಲೂ ಇಲ್ಲ. ಸೊಂಟ ಹಿಡಿದುಕೊಂಡು ‘ಇರಲಿ ಬಿಡೇ, ವಯಸ್ಸಾದವರು’ ಎನ್ನುತ್ತಿದ್ದರು. ಆ ಕ್ಯಾನು ಅತ್ತೆಯೊಬ್ಬರಿಗೆ ಸಾಕಾಗುತ್ತಿತ್ತು. ಅಂಗಡಿಗೆ ನಲ್ಲಿ ನೀರೇ ಗತಿ. ಬೆಳಗಿನ ಮೊದಲ ಲೋಟ ಕೊಡಲು ಹೋದರೆ ಅತ್ತೆ ಮುಖ ತಿರುಗಿಸಿ, ‘ನಿನ್ನ ನೀರು, ನಿನ್ನ ಟೀ. ನನ್ನನ್ನು ಕೇಳ್ಬೇಡ’ ಎಂದುಬಿಟ್ಟರು.

ಅಷ್ಟಕ್ಕೇ ಸುಮ್ಮನಾಗಿದ್ದರೆ ನಾನು ಹೇಗೋ ಸಂಭಾಳಿಸುತ್ತಿದ್ದೆ. ಆದರೆ ಅತ್ತೆ ಸತ್ಯವಂತರು. ಸ್ಟೂಲಿನ ಮೇಲೆ ಕುಳಿತು, ಒಳಗೆ ಬರುವ ಪ್ರತಿಯೊಬ್ಬರಿಗೂ ‘ಇದು ಎಲ್ಲಿಂದ ಬಂದ ನೀರು ಅಂತ ಗೊತ್ತಿದ್ದು ಕುಡೀರಪ್ಪಾ. ಆಮೇಲೆ ಹೇಳ್ಲಿಲ್ಲ ಅನ್ಬೇಡಿ’ ಎಂದು ಎಚ್ಚರಿಸತೊಡಗಿದರು. ತನ್ನದೇ ಅಂಗಡಿಯ ಬಾಗಿಲಲ್ಲಿ ಕುಳಿತು ಗಿರಾಕಿಗಳನ್ನು ಓಡಿಸುವ ವ್ಯಾಪಾರಿಯನ್ನು ತಾವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ, ಮನೆಯಲ್ಲೇ. ಬೆಂಚು ಖಾಲಿಯಾಗುತ್ತ ಬಂತು. ಬಂದವರು ಬನ್ನು ಮಾತ್ರ ಕೊಂಡು, ಟೀ ಬೇಡವೆಂದು, ತಪ್ಪು ಮಾಡಿದವರಂತೆ ನನ್ನ ಕಣ್ಣು ತಪ್ಪಿಸಿ ಹೋಗುತ್ತಿದ್ದರು. ಬನ್ನು ಮಾರಿಕೊಂಡು ಟೀ ಅಂಗಡಿ ಎಷ್ಟು ದಿನ ನಡೆದೀತು ನೀವೇ ಹೇಳಿ. ಬಾಗಿಲು ಹಾಕುವ ಮಾತನ್ನು ನಾನೂ ನನ್ನ ಗಂಡನೂ ಆಡತೊಡಗಿದ್ದೆವು, ಅತ್ತೆಗೆ ಕೇಳಿಸದ ಹಾಗೆ.

ಅಂಥ ಹೊತ್ತಿನಲ್ಲಿ ದರ್ಜಿಯೇ ಇನ್ನೊಂದು ಸುದ್ದಿ ತಂದ. ನಿಮ್ಮ ಘಟಕವನ್ನು ಶನಿವಾರ ಜನರಿಗೆ ತೋರಿಸುತ್ತಾರೆ, ಬಸ್ಸೂ ಅವರದೇ, ಪುಕ್ಕಟೆ ಎಂದು. ಅತ್ತೆಯ ಕಿವಿ ನೆಟ್ಟಗಾಯಿತು.

‘ಅಲ್ಲಿ ಆಫೀಸರುಗಳು ಇರ್ತಾರಾ?’

‘ಇರ್ತಾರಮ್ಮಾ.’

‘ಹಾಗಾದ್ರೆ ಹೋಗ್ತೀನಿ. ಎದುರಿಗೇ ನಿಂತು ಬೈದು ಬರ್ತೀನಿ. ಬಾರೇ ನೀನೂ.’

ಹೀಗೆ, ಮಾನ್ಯರೇ, ನಮ್ಮತ್ತೆ ನಿಮ್ಮ ಘಟಕಕ್ಕೆ ಬಂದದ್ದು ಜ್ಞಾನಾರ್ಜನೆಗಾಗಿ ಅಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈಗುಳಗಳನ್ನು ಒಂದೊಂದಾಗಿ ಹೊಂದಿಸಿಟ್ಟುಕೊಳ್ಳುತ್ತಿದ್ದರು. ಪಕ್ಕದಲ್ಲಿ ಕುಳಿತ ನನಗೆ ಅವು ಬಾಯಿಪಾಠವಾಗಿಬಿಟ್ಟವು. ಸಭ್ಯತೆಯ ದೃಷ್ಟಿಯಿಂದ ಇಲ್ಲಿ ಬರೆಯುತ್ತಿಲ್ಲ.

ಆದರೆ ಗೇಟಿನಲ್ಲಿ ನಮ್ಮನ್ನು ಎದುರುಗೊಂಡದ್ದು ಯಾವ ಆಫೀಸರೂ ಅಲ್ಲ. ತೆಳ್ಳಗಿನ ಒಬ್ಬ ಹುಡುಗಿ, ತಲೆಗೆ ಹಳದಿ ಟೋಪಿ, ಕಾಲಿಗೆ ತನ್ನ ಅಳತೆಗಿಂತ ದೊಡ್ಡದಾದ ಬೂಟು. ಅವಳೇ ನಮಗೆ ಎಲ್ಲವನ್ನೂ ತೋರಿಸುವವಳು. ಅವಳು ಶುರು ಮಾಡಿದ್ದೇ ಹೀಗೆ: ‘ಎಲ್ಲರೂ ಮೂಗು ಮುಚ್ಕೊಳ್ಳೋದಿದ್ರೆ ಈಗಲೇ ಮುಚ್ಕೊಂಡುಬಿಡಿ. ನಾಚ್ಕೋಬೇಡಿ. ಇಲ್ಲಿಗೆ ಬಂದಿರೋದೆಲ್ಲ ನಮ್ಮ ನಿಮ್ಮ ಮನೆಯದೇ.’ ಬೈಯಲು ಸಿದ್ಧವಾಗಿ ಬಂದವರಿಗೆ ಇಂಥವಳು ಎದುರಾದರೆ ಬಹಳ ತೊಂದರೆ. ಅತ್ತೆ ಬಾಯಿ ತೆರೆದವರು ಮೂಗು ಮುಚ್ಚಿಕೊಂಡರು.

ಮೊದಲು ತೋರಿಸಿದ್ದು ದೊಡ್ಡ ಕಬ್ಬಿಣದ ಜಾಲರಿ. ಊರಿನ ಕೊಳಚೆಯೆಲ್ಲ ಹರಿದು ಬಂದು ಅಲ್ಲಿ ಸೋಸಿಕೊಳ್ಳುತ್ತದೆ. ಜಾಲರಿಯಲ್ಲಿ ಸಿಕ್ಕಿದ ಚಿತ್ರವಿಚಿತ್ರ ವಸ್ತುಗಳನ್ನು ತೊಳೆದು ಪಕ್ಕದ ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟಿದ್ದರು. ಬಾಚಣಿಗೆ, ಗೊಂಬೆಯ ಕೈ, ಮೊಬೈಲು, ಕನ್ನಡಕ, ಒಂದು ಪೂರ್ತಿ ಹಲ್ಲಿನ ಸೆಟ್ಟು. ‘ಇದರ ಯಜಮಾನರು ಇನ್ನೂ ಬಂದು ಕೇಳಿಲ್ಲ, ಕೇಳೋಕೆ ಬಾಯಿ ಬರ್ತಿಲ್ವೋ ಏನೋ’ ಎಂದಳು ಹುಡುಗಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಅತ್ತೆ ಮಾತ್ರ ನಗದೆ ಕಪಾಟಿಗೆ ಮೂಗು ಒತ್ತಿ ನಿಂತಿದ್ದರು.

‘ಏಯ್, ಇದು ನಮ್ಮ ಚಮಚ!’

ಹೌದು, ನಮ್ಮದೇ. ಅಂಗಡಿಯಲ್ಲಿ ಚಮಚಗಳು ಮಾಯವಾಗುತ್ತಿದ್ದ ಕಾಲದಲ್ಲಿ, ಕದ್ದವರು ಮನೆಯಲ್ಲಿಟ್ಟುಕೊಳ್ಳಲು ನಾಚಬೇಕೆಂದು ಅತ್ತೆ ಎಲ್ಲ ಚಮಚಗಳ ಹಿಡಿಯನ್ನೂ ಒರಳಿನ ಅಂಚಿಗೆ ಕೊಟ್ಟು ಕೊಕ್ಕೆಯ ಹಾಗೆ ಬಗ್ಗಿಸಿದ್ದರು. ಅಂಥ ಹಿಡಿಯ ಚಮಚ ಈ ಊರಲ್ಲಿ ಇನ್ನೆಲ್ಲೂ ಇರಲಾರದು. ಪಾತ್ರೆ ತೊಳೆದ ನೀರನ್ನು ನಾನು ಬಕೆಟ್ಟಿನಿಂದ ಮೋರಿಗೆ ಸುರಿಯುವಾಗ ಜೊತೆಗೇ ಹೋಗಿರಬೇಕು. ಕಳ್ಳರೆಂದು ನಾವು ಅನುಮಾನಿಸಿದವರ ಮುಖಗಳೆಲ್ಲ ನನ್ನ ಕಣ್ಣ ಮುಂದೆ ಬಂದುಹೋದವು. ಅತ್ತೆ ಹುಡುಗಿಯ ಕಡೆ ತಿರುಗಿ, ‘ಅಂದ್ರೆ ನಮ್ಮ ಅಂಗಡಿ ಮೋರಿ ನೀರು ನಿಜವಾಗ್ಲೂ ಇಲ್ಲಿಗೇ ಬರುತ್ತಾ?’ ಎಂದು ಕೇಳಿದರು. ‘ಚಮಚನೇ ಬಂದಿದೆಯಲ್ಲ ಅಜ್ಜಿ, ನೀರು ಬರದೇ ಇರುತ್ತಾ?’ ಎಂದಳು ಅವಳು. ಆಮೇಲೆ ಅತ್ತೆ ಮೂಗಿನಿಂದ ಕೈ ತೆಗೆದರು. ಸ್ವಂತ ಮನೆಯ ವಸ್ತು ಕಂಡ ಮೇಲೆ ಅದು ಅವರಿಗೆ ಪರಸ್ಥಳವಾಗಿ ಉಳಿಯಲಿಲ್ಲ.

ಮುಂದಿನದೆಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿರಬೇಕು ಎಂದು ನನ್ನ ನಂಬಿಕೆ. ಕೆಸರು ತಳಕ್ಕೆ ಇಳಿಯುವ ದುಂಡನೆಯ ತೊಟ್ಟಿಗಳು. ಅವುಗಳಾಚೆ ತಳದಿಂದ ಗಾಳಿ ಊದಿ ನೀರನ್ನು ಕುದಿಯುವಂತೆ ಮಾಡುವ ಉದ್ದದ ತೊಟ್ಟಿಗಳು. ಅಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಬದುಕುತ್ತವೆಯಂತೆ. ‘ನಮ್ಮ ನಿಜವಾದ ಕೆಲಸಗಾರರು ಇವರೇ ಅಜ್ಜಿ. ಭಾನುವಾರಾನೂ ರಜೆ ಇಲ್ಲ ಇವರಿಗೆ’ ಎಂದಳು ಹುಡುಗಿ. ಅತ್ತೆ ನನ್ನ ಕಡೆ ಕೈ ತೋರಿಸಿ, ‘ನಮ್ಮ ಸೊಸೆ ಹಾಗೇ’ ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅತ್ತೆಯ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು. ಅದೂ ನಿಮ್ಮ ಕೊಳಚೆ ತೊಟ್ಟಿಯ ಪಕ್ಕದಲ್ಲಿ. ಅದಕ್ಕಾಗಿ ನಾನು ನಿಮ್ಮ ಇಲಾಖೆಗೆ ಸದಾ ಋಣಿ.

ಅಲ್ಲಿಂದ ಮುಂದೆ ಕೂದಲಿಗಿಂತ ಸಣ್ಣ ರಂಧ್ರಗಳಲ್ಲಿ ನೀರನ್ನು ಹಾಯಿಸುವ ಕೊಳವೆಗಳು, ಆಮೇಲೆ ರೋಗಾಣುಗಳನ್ನು ಕೊಲ್ಲುವ ನೇರಳೆ ಬೆಳಕಿನ ಪೆಟ್ಟಿಗೆ, ಕೊನೆಗೆ ಒಂದು ಗಾಜಿನ ಕೊಳವೆ. ಅದರೊಳಗೆ ನೀರಿದೆ ಎಂದು ಗೊತ್ತಾಗಬೇಕಾದರೆ ಹುಡುಗಿ ಬೆರಳಿನಿಂದ ತಟ್ಟಿ ಅಲುಗಿಸಬೇಕಾಯಿತು. ಅಷ್ಟು ತಿಳಿ. ಅತ್ತೆ ಬೈಗುಳಗಳನ್ನೆಲ್ಲ ಮರೆತೇಬಿಟ್ಟಿದ್ದರು. ಗಂಟಲು ಸರಿ ಮಾಡಿಕೊಂಡು ಕೇಳಿದರು:

‘ಇದನ್ನ ಕುಡೀಬಹುದಾ ಮಗಳೇ?’

‘ಕುಡೀಬಹುದು ಅಜ್ಜಿ. ದಿನಾ ಪರೀಕ್ಷೆ ಆಗುತ್ತೆ.’

ಅತ್ತೆ ಕೈ ಮುಂದೆ ಚಾಚಿದರು. ಮಾನ್ಯರೇ, ನನ್ನ ಖಾಲಿ ಬೆಂಚು, ಗಂಡನ ಸೊಂಟ, ನಾದಿನಿಯ ಮನೆಯ ಕ್ಯಾನು, ಎಲ್ಲದಕ್ಕೂ ಆ ಚಾಚಿದ ಕೈಯಲ್ಲಿ ಪರಿಹಾರವಿತ್ತು. ಆಗ ನಿಮ್ಮ ಇಲಾಖೆಯ ಒಬ್ಬ ನೌಕರ ಒಂದು ಟ್ರೇ ಹಿಡಿದುಕೊಂಡು ಬಂದು, ಸಂದರ್ಶಕರಿಗೆಲ್ಲ ಒಂದೊಂದು ಬಾಟಲಿ ಹಂಚಿದ. ಅಂಗಡಿಯಿಂದ ಕೊಂಡು ತಂದ, ಮುಚ್ಚಳ ಒಡೆಯದ, ಯಾವುದೋ ಕಂಪನಿಯ ನೀರಿನ ಬಾಟಲಿ!

ಇದು ಯಾರ ತಲೆಯಲ್ಲಿ ಹೊಳೆದ ಉಪಾಯ ಎಂದು ದಯವಿಟ್ಟು ತಿಳಿಸಿ, ಅವರನ್ನೊಮ್ಮೆ ನೋಡಬೇಕು. ನೀರು ಶುದ್ಧವಾಗಿದೆ ಎಂದು ತೋರಿಸಲು ಬಸ್ಸು ಕಳಿಸಿ, ಟೋಪಿ ತೊಡಿಸಿ, ಊರಿನ ಕೊಳಚೆಯೆಲ್ಲ ಸುತ್ತಿಸಿ, ಕೊನೆಗೆ ಬಾಯಾರಿದವರಿಗೆ ‘ಇದನ್ನು ಮಾತ್ರ ಕುಡಿಯಬೇಡಿ, ಅದನ್ನು ಕುಡಿಯಿರಿ’ ಎಂದು ಬೇರೆ ನೀರು ಕೊಡುವುದೇ? ನಾನು ನನ್ನ ಅಂಗಡಿಯಲ್ಲಿ ಟೀ ಮಾಡಿ ತೋರಿಸಿ, ಗಿರಾಕಿಯನ್ನು ಪಕ್ಕದ ಬೀದಿಗೆ ಕುಡಿಯಲು ಕಳಿಸಿದರೆ ನನ್ನನ್ನು ಏನೆಂದು ಕರೆಯುತ್ತೀರಿ? ಹುಡುಗಿಯ ಮುಖ ಸಣ್ಣದಾಯಿತು. ‘ನಿಯಮ ಅಜ್ಜಿ. ಸಂದರ್ಶಕರಿಗೆ ಮುಚ್ಚಳ ಭದ್ರ ಇರೋ ನೀರೇ ಕೊಡ್ಬೇಕು ಅಂತ’ ಎಂದಳು. ಅದೇ ಗೋಡೆಯ ಮೇಲೆ ಘಟಕದ ಉದ್ಘಾಟನೆಯ ಚಿತ್ರವಿತ್ತು. ತಾವು ಒಂದು ಗ್ಲಾಸು ನೀರನ್ನು ತುಟಿಯ ಹತ್ತಿರ ಹಿಡಿದು ಮುಗುಳ್ನಗುತ್ತಿದ್ದೀರಿ. ಅತ್ತೆ ಅದನ್ನು ಬಹಳ ಹೊತ್ತು ನೋಡಿ, ‘ಇವರು ಕುಡಿದ್ರಾ?’ ಎಂದು ಕೇಳಿದರು.

‘ಫೋಟೋ ತೆಗೆದ್ರು ಅಜ್ಜಿ,’ ಎಂದಳು ಹುಡುಗಿ.

ಅತ್ತೆ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ‘ನಡಿಯೇ, ಇವರೇ ಕುಡಿಯಲ್ಲ’ ಎಂದರು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿದಿದ್ದರೆ ನಿಮ್ಮ ನಿಯಮಕ್ಕೆ ಜಯವಾಗಿ, ನನ್ನ ಅಂಗಡಿಗೆ ಬೀಗ ಬಿದ್ದು, ನೀವು ಈ ಪತ್ರ ಓದುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ವಾಪಸು ಹೊರಡಬೇಕಾದ ಬಸ್ಸು ಕೆಟ್ಟು ನಿಂತಿತ್ತು. ಅತ್ತೆಗೆ ಮಂಡಿ ನೋವು ಶುರುವಾಗಿತ್ತು. ಹುಡುಗಿ ಅವರ ತೋಳು ಹಿಡಿದು, ಹತ್ತಿರದಲ್ಲೇ ಇದ್ದ ಸಿಬ್ಬಂದಿಯ ಊಟದ ಕೋಣೆಗೆ ಕರೆದುಕೊಂಡು ಹೋಗಿ ಕುರ್ಚಿ ಕೊಟ್ಟಳು. ಸಣ್ಣ ಕೋಣೆ, ಮಧ್ಯೆ ಉದ್ದದ ಮೇಜು, ಗೋಡೆಗೆ ಒದ್ದೆ ಕೋಟುಗಳು, ಮೂಲೆಯ ಒಲೆಯ ಮೇಲೆ ಕೆಟಲಿನಲ್ಲಿ ನೀರು ಕುದಿಯುತ್ತಿತ್ತು. ನಾಲ್ಕಾರು ಜನ ಬುತ್ತಿ ಬಿಚ್ಚಿ ಕುಳಿತಿದ್ದರು.

‘ಅಜ್ಜಿ, ಟೀ ಕುಡೀತೀರಾ?’

‘ಟೀ ಬೇಡ ಅನ್ನೋ ಪೈಕಿ ಅಲ್ಲಮ್ಮ ನಾನು. ಆದ್ರೆ ಮೊದಲು ಬರೀ ಬಿಸಿನೀರು ಕೊಡು,’ ಎಂದರು ಅತ್ತೆ. ಜನ್ಮಕ್ಕಂಟಿದ ಅಭ್ಯಾಸ ಎಲ್ಲಿ ಹೋಗುತ್ತದೆ? ಸಂದರ್ಶಕರಿಗೇ ಕೊಂಡ ನೀರು ಕೊಡುವವರು ತಮಗೂ ಅದನ್ನೇ ತರಿಸಿಕೊಂಡಿರುತ್ತಾರೆ ಎಂದು ಅವರ ಲೆಕ್ಕ.

ಹುಡುಗಿ ಕೊಟ್ಟಳು. ಅತ್ತೆ ಲೋಟವನ್ನು ಮೂಗಿನ ಹತ್ತಿರ ಹಿಡಿದರು, ಕಣ್ಣು ಮುಚ್ಚಿದರು, ಬಾಯಲ್ಲಿ ಆಡಿಸಿ ನುಂಗಿದರು. ಇನ್ನೊಂದು ಗುಟುಕು ಕುಡಿದರು. ಅವರು ಎರಡನೇ ಗುಟುಕು ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ಏನಮ್ಮಾ ಇದು, ಇಷ್ಟು ಹಗುರವಾಗಿದೆ! ಒಂದು ಚೂರೂ ವಾಸನೆ ಇಲ್ಲ. ಎಲ್ಲಿಂದ ತರಿಸ್ತೀರಿ? ನಮ್ಮ ಅಂಗಡಿಗೂ ಹೇಳಿಬಿಡು, ನನ್ನ ಮಗ ಬಂದು ಹೊತ್ಕೊಂಡು ಹೋಗ್ತಾನೆ.’

ಬುತ್ತಿ ತಿನ್ನುತ್ತಿದ್ದವರ ಕೈಗಳು ಅಲ್ಲಲ್ಲೇ ನಿಂತವು. ಹುಡುಗಿ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ. ಅವಳು ಒಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ಹಾಗೆ ಮಾಡಿದ್ದರೆ ಇವತ್ತು ಹಳದಿ ಟೋಪಿ ಅವಳ ತಲೆಯ ಮೇಲೇ ಇರುತ್ತಿತ್ತು.

‘ಎಲ್ಲಿಂದಲೂ ತರಿಸಲ್ಲ ಅಜ್ಜಿ. ಇಲ್ಲಿಯದೇ. ಈಗ ನೋಡಿದ್ರಲ್ಲ ಗಾಜಿನ ಕೊಳವೆ, ಅದರದ್ದು.’

ಅತ್ತೆ ಉಗುಳುತ್ತಾರೆ ಎಂದು ನಾನು ಬಟ್ಟೆ ಹುಡುಕತೊಡಗಿದ್ದೆ. ಅವರು ಉಗುಳಲಿಲ್ಲ. ಲೋಟ ನೋಡಿದರು. ಮೇಜಿನ ಸುತ್ತ ಕುಳಿತವರನ್ನು ಒಬ್ಬೊಬ್ಬರನ್ನಾಗಿ ನೋಡಿದರು.

‘ನೀವೆಲ್ಲಾ ಇದನ್ನೇ ಕುಡೀತೀರಾ?’

‘ದಿನಾ ಅಜ್ಜಿ.’

‘ನಿನಗೆ ಮಕ್ಕಳಿದಾರಾ?’

‘ಒಬ್ಬಳು ಮಗಳು. ಶಾಲೆಗೆ ರಜೆ ಇದ್ದಾಗ ಇಲ್ಲೇ ಬಂದು ಕೂತಿರ್ತಾಳೆ. ಅವಳೂ ಇದನ್ನೇ ಕುಡಿಯೋದು.’

ಅತ್ತೆ ಲೋಟವನ್ನು ಹುಡುಗಿಯ ಕೈಗೆ ಕೊಟ್ಟು, ‘ಹೂಂ, ಹಾಕು’ ಎಂದರು.

ಆ ಎರಡು ಮಾತು ಕೇಳಿ ನನಗೆ ಅಳು ಬಂತು. ಟೀ ಪುಡಿ ಹಾಕು ಎಂದದ್ದಕ್ಕೆ ಅಳುವ ಹೆಂಗಸನ್ನು ಆ ಕೋಣೆಯವರು ಹಿಂದೆ ನೋಡಿರಲಿಕ್ಕಿಲ್ಲ. ಒಬ್ಬರು ಎದ್ದು ನನಗೂ ಕುರ್ಚಿ ಕೊಟ್ಟರು. ಅತ್ತೆ ಮಾತ್ರ ಟೀ ಕುಡಿದು ಮುಗಿಸಿ ತೀರ್ಪು ಕೊಟ್ಟರು: ‘ನೀರು ಚೆನ್ನಾಗಿದೆ. ಟೀ ಮಾಡೋಕೆ ಮಾತ್ರ ನಿಮ್ಮಲ್ಲಿ ಯಾರಿಗೂ ಬರಲ್ಲ.’ ಆಮೇಲೆ ಎದ್ದು, ನೀವು ಕೊಟ್ಟ ಬಾಟಲಿಯ ಮುಚ್ಚಳ ಒಡೆದು, ಆ ನೀರನ್ನೆಲ್ಲ ಕಿಟಕಿಯ ಕೆಳಗಿನ ಹೂವಿನ ಕುಂಡಕ್ಕೆ ಸುರಿದು, ಖಾಲಿ ಬಾಟಲಿಯನ್ನು ಆ ಕೋಣೆಯ ನಲ್ಲಿಗೆ ಹಿಡಿದರು. ಗೇಟಿನಲ್ಲಿ ಕಾವಲುಗಾರ ‘ಏನಜ್ಜೀ ಅದು?’ ಎಂದು ಸುಮ್ಮನೆ ಕೇಳಿದ. ‘ನಿಮ್ಮ ನೀರಪ್ಪಾ. ಒಳಗೆ ನಿಮ್ಮ ಹುಡುಗಿ ಇದರದ್ದೇ ಟೀ ಕೊಟ್ಟಳು. ನಮ್ಮ ಬೀದಿಯವರಿಗೂ ಕುಡಿಸ್ಬೇಕು’ ಎಂದು ಇವರು ಗಟ್ಟಿಯಾಗಿ ಹೇಳಿದರು. ಸತ್ಯವಂತರು ಎಂದು ಮೊದಲೇ ಹೇಳಿದ್ದೇನಲ್ಲ. ಕಳ್ಳಸಾಗಣೆ ಮಾಡುವವರು ಹೀಗೆ ಕೂಗಿ ಹೇಳುತ್ತಾರೆಯೇ ಎಂದು ತಾವು ವಿಚಾರಣೆಯಲ್ಲಿ ಒಮ್ಮೆಯಾದರೂ ಯೋಚಿಸಬೇಕಿತ್ತು.

ಮರುದಿನ ಬೆಳಿಗ್ಗೆ ಅತ್ತೆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತರು. ಮೊದಲು ಸಿಕ್ಕವನು ದರ್ಜಿ.

‘ಬಾರಪ್ಪಾ, ಗಟ್ಟಿಯಾಗಿ ಓದಿದೋನು ನೀನು. ಕುಡಿಯೋದೂ ನೀನೇ ಮೊದಲು.’

‘ಅಯ್ಯೋ, ನನಗೆ ಯಾಕೋ ಹೊಟ್ಟೆ ಸರಿ ಇಲ್ಲಮ್ಮಾ…’

‘ನನಗಿಂತ ವಯಸ್ಸಾಗಿದೆಯೇನೋ ನಿನ್ನ ಹೊಟ್ಟೆಗೆ?’

ದರ್ಜಿ ಕಣ್ಣು ಮುಚ್ಚಿ ಕುಡಿದ, ಒಂದು ಕಣ್ಣು ತೆರೆದ, ಇನ್ನೊಂದನ್ನೂ ತೆರೆದ. ‘ಬರೀ ನೀರಿನ ಥರಾನೇ ಇದೆಯಲ್ಲಮ್ಮಾ!’ ಎಂದ. ‘ನೀರು ಇನ್ನು ಯಾವ ಥರ ಇರ್ಬೇಕಿತ್ತೋ?’ ಎಂದರು ಅತ್ತೆ. ಸಂಜೆಯೊಳಗೆ ಆ ಬಾಟಲಿಯ ನೀರನ್ನು ಬೀದಿಯವರೆಲ್ಲ ಒಂದೊಂದು ಗುಟುಕು ಕುಡಿದು ಖಾಲಿ ಮಾಡಿದರು. ನಾದಿನಿಯ ಮನೆಗೆ ಕ್ಯಾನು ಹೋಗುವುದು ನಿಂತಿತು. ಬೆಳಗಿನ ಮೊದಲ ಲೋಟ ಮತ್ತೆ ಶುರುವಾಯಿತು. ಆದರೂ ಎಲ್ಲರಿಗೂ ಪೂರ್ತಿ ನಂಬಿಕೆ ಬರಲಿಲ್ಲ, ಅದು ಸಹಜ. ಒಂದು ಗುಟುಕಿನಿಂದ ಬಾಯಿ ಒಪ್ಪಬಹುದು, ಮನಸ್ಸು ಒಪ್ಪಬೇಕಾದರೆ ಕಣ್ಣಾರೆ ನೋಡಬೇಕು. ‘ಹಾಗಾದ್ರೆ ಎಲ್ರೂ ಹೋಗಿ ನೋಡ್ಕೊಂಡು ಬನ್ನಿ. ಆ ಹುಡುಗಿ ತೋರಿಸ್ತಾಳೆ’ ಎಂದು ಅತ್ತೆಯೇ ಹೇಳಿದ್ದರಿಂದ, ಬೀದಿಗೆ ಬೀದಿಯೇ ಮುಂದಿನ ಶನಿವಾರಕ್ಕೆ ಹೆಸರು ಕೊಟ್ಟಿತು. ಒಳ್ಳೆಯ ಬಟ್ಟೆ ಹಾಕಿಕೊಂಡು, ಅಂಗಡಿಗಳಿಗೆ ಬೀಗ ಹಾಕಿ, ಗೇಟಿನವರೆಗೆ ಹೋದೆವು. ಗೇಟು ಮುಚ್ಚಿತ್ತು. ನಿಮ್ಮ ಸೂಚನೆ ನಮ್ಮನ್ನು ಸ್ವಾಗತಿಸಿತು.

ಈಗ ಬೀದಿಯಲ್ಲಿ ಏನು ಮಾತು ನಡೆದಿದೆ ಗೊತ್ತೇ? ‘ಮುಚ್ಚಿಡೋಕೆ ಏನೋ ಇದೆ, ಅದಕ್ಕೇ ಗೇಟು ಹಾಕಿದಾರೆ.’ ದರ್ಜಿಗೆ ಮತ್ತೆ ಹೊಟ್ಟೆ ಸರಿಯಿಲ್ಲ. ಬೆಂಚು ಮತ್ತೆ ಖಾಲಿಯಾಗುತ್ತಿದೆ. ಈ ಸಲ ಅತ್ತೆ ಗಂಟಲು ಹರಿಯುವ ಹಾಗೆ ‘ನಾನು ಕಣ್ಣಾರೆ ನೋಡಿದೀನಿ’ ಎಂದರೂ ಕೇಳುವವರಿಲ್ಲ. ‘ಹಾಗಾದ್ರೆ ನಮಗ್ಯಾಕೆ ತೋರಿಸಲ್ಲ?’ ಎಂದು ಅವರು ಕೇಳುತ್ತಾರೆ. ಜೀವನದಲ್ಲಿ ಮೊದಲ ಬಾರಿ ಜಡ್ಜಮ್ಮ ತೀರ್ಪು ಕೊಡದೆ ಸ್ಟೂಲಿನಿಂದ ಇಳಿದು ಹೋಗುವುದನ್ನು ನೋಡುತ್ತಿದ್ದೇನೆ. ಗೇಟು ತೆರೆಯದಿದ್ದರೆ ಅಂಗಡಿ ಉಳಿಯುವುದಿಲ್ಲ, ಇದು ಖಂಡಿತ.

ನಿಮ್ಮ ಕಾರಣಗಳನ್ನು ನಾನು ಒಲೆಯ ಮುಂದೆ ನಿಂತು ಮತ್ತೆ ಮತ್ತೆ ಯೋಚಿಸಿದೆ. ಸಂಸ್ಕರಿತ ನೀರಿನ ಟೀ ಕೊಟ್ಟದ್ದು ಅಪರಾಧ ಎನ್ನುತ್ತೀರಿ. ಸರಿ, ಅದೇ ನೀರನ್ನು ಕೆರೆಗೆ ಬಿಟ್ಟು, ನಮ್ಮ ನಲ್ಲಿಗೆ ಕಳಿಸಿ, ಬೆಳಗಿನಿಂದ ಸಂಜೆಯವರೆಗೆ ನನ್ನ ಕೈಯಿಂದ ಟೀ ಮಾಡಿಸುತ್ತಿರುವವರು ಯಾರು? ನಾನು ಅನಧಿಕೃತಳೇ, ತಾವು ಅಧಿಕೃತರೇ? ಬಾಟಲಿಯಲ್ಲಿ ನೀರು ಹೊರಗೆ ಹೋಯಿತು ಎನ್ನುತ್ತೀರಿ. ಆಳೆತ್ತರದ ಕೊಳವೆಯಲ್ಲಿ ಹಗಲೂ ರಾತ್ರಿ ಅದೇ ನೀರು ನಿಮ್ಮ ಆವರಣದಿಂದ ಭೋರ್ಗರೆದು ಹೊರಗೆ ಹೋಗುತ್ತಿದೆಯಲ್ಲ, ಅದಕ್ಕೆ ಯಾವ ಕಾವಲುಗಾರ ‘ಏನಜ್ಜೀ ಅದು?’ ಎಂದು ಕೇಳಿದ? ಊರಿಗೆಲ್ಲ ಹಂಚುವುದಕ್ಕೆಂದೇ ಮಾಡಿದ ನೀರನ್ನು ಊರಿನವರೊಬ್ಬರು ತೆಗೆದುಕೊಂಡು ಹೋದರೆ ಅದು ಕಳ್ಳತನ ಎಂದು ನಿರ್ಧರಿಸಲು ಎಷ್ಟು ಜನ ದೊಡ್ಡವರು ಒಂದು ಮೇಜಿನ ಸುತ್ತ ಕುಳಿತಿದ್ದರು? ಮೇಜಿನ ಮೇಲೆ ಕುಡಿಯಲು ಯಾವ ನೀರಿತ್ತು? ಇದೊಂದು ಪ್ರಶ್ನೆಗೆ ಮಾತ್ರ ತಪ್ಪದೆ ಉತ್ತರಿಸಬೇಕೆಂದು ಪ್ರಾರ್ಥನೆ.

ತಾವು ಹಾಕಿದ ಸುಣ್ಣಬಣ್ಣ, ಬರೆಸಿದ ಫಲಕ, ಹಂಚಿದ ಬಣ್ಣದ ಚೀಟಿ ಯಾವುದೂ ನಮ್ಮತ್ತೆಯನ್ನು ಒಪ್ಪಿಸಲಿಲ್ಲ. ಒಪ್ಪಿಸಿದ್ದು, ಕೇಳಿದ್ದಕ್ಕೆ ನಿಜ ಹೇಳಿದ ಒಬ್ಬ ಹುಡುಗಿ ಮತ್ತು ಅವಳು ಮಾಡಿದ, ನಿಜ ಹೇಳಬೇಕೆಂದರೆ ಅಷ್ಟೇನೂ ಚೆನ್ನಾಗಿರದ, ಒಂದು ಲೋಟ ಟೀ. ಅಂಥವಳನ್ನು ಉಗ್ರಾಣದಲ್ಲಿ ಕೂರಿಸಿದ್ದೀರಿ. ಮೊನ್ನೆ ಅತ್ತೆ ಹುಡುಕಿಕೊಂಡು ಅಲ್ಲಿಗೂ ಹೋದರು, ಫ್ಲಾಸ್ಕಿನಲ್ಲಿ ನಮ್ಮ ಅಂಗಡಿಯ ಟೀ ತುಂಬಿಸಿಕೊಂಡು. ಕೆಟ್ಟುಹೋದ ಮೀಟರುಗಳ ರಾಶಿಯ ನಡುವೆ, ಮಾತಾಡಲು ಒಂದು ನರಪಿಳ್ಳೆಯೂ ಇಲ್ಲದೆ ಅವಳು ಕುಳಿತಿದ್ದಳಂತೆ. ‘ನಿಮ್ಮಿಂದ ನನಗೆ ಆ ಕೆಲಸ ಹೋಯ್ತು ಅಂತ ಬೈಯಮ್ಮಾ, ಬೈಸ್ಕೋತೀನಿ’ ಎಂದರಂತೆ ಇವರು. ಅವಳು ಟೀ ಕುಡಿದು ನಕ್ಕು, ‘ಅಜ್ಜಿ, ಟೀ ಅಂದ್ರೆ ಇದು. ನಮ್ಮದನ್ನ ಹೇಗೆ ಕುಡಿದ್ರಿ ನೀವು?’ ಎಂದಳಂತೆ. ಅತ್ತೆ ಮನೆಗೆ ಬಂದು ಇದನ್ನು ಹೇಳುತ್ತ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಹೊಗೆ ಎಂದರು. ಒಲೆ ಆರಿತ್ತು.

ಆದ್ದರಿಂದ ನಮ್ಮ ಬೀದಿಯ ಪರವಾಗಿ ಒತ್ತಾಯಿಸುತ್ತೇನೆ. ಬರುವ ಶನಿವಾರ ಗೇಟು ತೆಗೆಯಿರಿ. ಆ ಹುಡುಗಿಗೆ ಹಳದಿ ಟೋಪಿ ವಾಪಸು ಕೊಡಿ, ಸಾಧ್ಯವಾದರೆ ಅವಳ ಅಳತೆಯ ಬೂಟನ್ನೂ. ಬಾಟಲಿಯ ಟ್ರೇಯನ್ನು ಒಳಗಿಟ್ಟು, ಗಾಜಿನ ಕೊಳವೆಯ ಪಕ್ಕದಲ್ಲಿ ಒಂದು ನಲ್ಲಿ, ನಾಲ್ಕು ಲೋಟ ಇಡಿಸಿ. ಆವತ್ತು ತಾವೂ ದಯಮಾಡಿಸಬೇಕು. ಮೊದಲ ಲೋಟ ತಮ್ಮದು. ಫೋಟೋ ಬೇಕಿಲ್ಲ, ನಮ್ಮತ್ತೆ ಎದುರಿಗೆ ನಿಂತು ನೋಡುತ್ತಾರೆ, ಗಂಟಲಿನಿಂದ ಕೆಳಗೆ ಇಳಿಯಿತೋ ಇಲ್ಲವೋ ಎಂದು. ಇಳಿದರೆ ಅಲ್ಲಿಂದ ನೇರ ನಮ್ಮ ಅಂಗಡಿಗೆ ಬನ್ನಿ, ಆವತ್ತಿನ ಟೀ ನಮ್ಮ ಕಡೆಯಿಂದ.

ಇನ್ನು ಅತ್ತೆ ಸಾಗಿಸಿದ ಇಲಾಖೆಯ ನೀರಿನ ವಿಚಾರ. ಅದನ್ನು ವಸೂಲು ಮಾಡಲು ಯಾರನ್ನೂ ಕಳಿಸಬೇಡಿ. ನಮ್ಮ ಬೀದಿಯವರೆಲ್ಲ ಸೇರಿ ಅದನ್ನು ಕುಡಿದವರು, ಸೇರಿಯೇ ಹಿಂತಿರುಗಿಸಿದ್ದಾರೆ. ಆವತ್ತೇ, ಒಬ್ಬರೂ ತಪ್ಪಿಸದೆ, ನೆಲದಡಿಯ ನಿಮ್ಮದೇ ಕೊಳವೆಯಲ್ಲಿ, ನಿಮ್ಮದೇ ಘಟಕಕ್ಕೆ. ಇಷ್ಟು ಹೊತ್ತಿಗೆ ಅದು ಜಾಲರಿ, ತೊಟ್ಟಿ, ನೇರಳೆ ಬೆಳಕು ಎಲ್ಲ ದಾಟಿ, ಕೆರೆ ಸೇರಿ, ತಮ್ಮ ಮನೆಯ ನಲ್ಲಿಗೂ ಬಂದಿರಬೇಕು. ಒಂದು ಲೋಟ ಹಿಡಿದು ಕುಡಿದು ನೋಡಿ. ಬಹಳ ಹಗುರವಾಗಿದೆ.

ಇಂತಿ,
ನೀರಿನ ಬಾಕಿ ತೀರಿಸಿ, ಗಾಜಿನ ಕಪಾಟಿನಲ್ಲಿರುವ ತನ್ನ ಕೊಕ್ಕೆ ಹಿಡಿಯ ಚಮಚಕ್ಕಾಗಿ ಕಾದಿರುವ
ಜಡ್ಜಮ್ಮನ ಸೊಸೆ